ಪರದೇಶಿಯ ಅಳತೆ

(ಒಮಾನಿನ ಸೊಹಾರ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಸೊಹಾರಿಗೆ ಬಂದ ಮೊದಲ ಕ್ರೈಸ್ತರು ನಾವಲ್ಲ. ಬಂದರಿಗೆ, ಅಲ್ಯೂಮಿನಿಯಂ ಕಾರ್ಖಾನೆಗೆ, ಆಸ್ಪತ್ರೆಗೆ ಕೆಲಸಕ್ಕೆಂದು ನಮ್ಮೂರಿನವರು ಬಂದದ್ದು ನಿನ್ನೆ ಮೊನ್ನೆ. ಆದರೆ ಕ್ರಿ.ಶ. 424ರಲ್ಲಿ ಪೂರ್ವ ಸಿರಿಯಾಕ್ ಸಭೆಯ ಬಿಷಪರು ಕೂಡಿದ್ದ ಸಿನೊಡಿನ ಪಟ್ಟಿಯಲ್ಲಿ ಮಜೂನಿನ ಬಿಷಪ್ ಯೋಹನ್ನಾನ್ ಎಂಬ ಹೆಸರಿದೆ. ಪರ್ಷಿಯನ್ನರ ಕಾಲದಲ್ಲಿ ಒಮಾನಿಗೆ ಮಜೂನ್ ಎಂದು ಹೆಸರು. ಆ ಬಿಷಪರ ಪೀಠ ಇದೇ ಸೊಹಾರಿನಲ್ಲಿತ್ತು ಎಂದು ಚರಿತ್ರಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಈ ಕಡಲತೀರದಲ್ಲಿ ಸಿರಿಯಾಕ್ ಭಾಷೆಯ ಪ್ರಾರ್ಥನೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಕೇಳಿಸುತ್ತಿತ್ತು. ನಮ್ಮ ಕಡೆ ಕದಂಬರು ಬನವಾಸಿಯಲ್ಲಿ ಆಳುತ್ತಿದ್ದ ಕಾಲದಿಂದ ಚಾಲುಕ್ಯರ ಬಾದಾಮಿಯ ಕಾಲದವರೆಗೆ ಅಂದುಕೊಳ್ಳಿ.

ಇಲ್ಲಿನ ಆ ಸಭೆಯ ಕೊನೆಯ ದಿನಗಳ ಬಗ್ಗೆ ನಮಗೆ ತಿಳಿಯುವುದು ಒಬ್ಬರ ಸಿಟ್ಟಿನಿಂದ. ಏಳನೆಯ ಶತಮಾನದ ನಡುವಿನಲ್ಲಿ ಇಡೀ ಪೂರ್ವ ಸಿರಿಯಾಕ್ ಸಭೆಯ ಮುಖ್ಯಸ್ಥರಾಗಿದ್ದವರು ಮೂರನೆಯ ಈಶೋಯಾಬ್. ಅವರ ಪತ್ರಗಳಲ್ಲಿ ಮಜೂನಿನವರ ಮೇಲೆ ದೊಡ್ಡ ದೂರಿದೆ: ಆಸ್ತಿಯಲ್ಲಿ ಅರ್ಧ ಕೊಡುತ್ತೀರೋ ನಂಬಿಕೆ ಬಿಡುತ್ತೀರೋ ಎಂಬ ಪ್ರಶ್ನೆ ಎದುರಾದಾಗ ಇವರು ನಂಬಿಕೆಯನ್ನೇ ಬಿಟ್ಟರಂತೆ. ಹೊಸದಾಗಿ ಅಧಿಕಾರಕ್ಕೆ ಬಂದ ಮುಸ್ಲಿಂ ಅರಬರು ಯಾರನ್ನೂ ಬಲವಂತ ಮಾಡಲಿಲ್ಲ, ಅವರು ನಮ್ಮ ಗುರುಗಳನ್ನು ಗೌರವಿಸುತ್ತಾರೆ, ಮಠಗಳಿಗೆ ನೆರವಾಗುತ್ತಾರೆ ಎಂದೂ ಈಶೋಯಾಬರೇ ಬರೆಯುತ್ತಾರೆ. ಹಾಗಾಗಿಯೇ ಅವರಿಗೆ ಇನ್ನಷ್ಟು ಸಿಟ್ಟು. ದೂರದ ಮೆಸೊಪೊಟೇಮಿಯಾದಲ್ಲಿ ಕೂತು ಸೊಹಾರಿನ ವ್ಯಾಪಾರಿಯನ್ನು ಬೈಯುವುದು ಸುಲಭ. ನಮ್ಮ ಕೈಯಲ್ಲಿರುವುದು ಬೈದವರ ಪತ್ರ, ಬೈಸಿಕೊಂಡವರದ್ದಲ್ಲ. ಆದರೂ ಆ ಪತ್ರ ಓದುವಾಗ ಒಂದು ವಿಷಯ ತಟ್ಟುತ್ತದೆ. ‘ನಾನು ಯಾರು’ ಎಂಬುದು ಅಷ್ಟು ದಿನ ಸೊಹಾರಿನವರಿಗೆ ಪ್ರಶ್ನೆಯೇ ಆಗಿರಲಿಲ್ಲ. ಅದಕ್ಕೆ ಯಾರೋ ಬೆಲೆ ಕಟ್ಟಿದ ದಿನ ಪ್ರಶ್ನೆಯಾಯಿತು.

ಇವತ್ತಿನ ಮಾತು ಈ ಪ್ರಶ್ನೆಯದ್ದು. ತನ್ನನ್ನು ಪ್ರೀತಿಸುವುದು ಎಂದರೇನು, ನೆರೆಯವರನ್ನು ಪ್ರೀತಿಸುವುದು ಎಂದರೇನು, ಎರಡಕ್ಕೂ ಸಂಬಂಧ ಏನು ಎಂದು ಕ್ರೈಸ್ತ ಚಿಂತನೆಯ ಒಳಗಿನಿಂದ ಮಾತಾಡಿ ಎಂದು ಸಂಘಟಕರು ಹೇಳಿದ್ದಾರೆ. ನಾನು ಗುರುವೂ ಅಲ್ಲ, ಪಾಸ್ಟರೂ ಅಲ್ಲ, ಓದುವ ಚಟ ಇರುವವನು. ಸಭೆಯಲ್ಲಿ ಬೇರೆ ಧರ್ಮದವರೂ ಬಹಳ ಜನ ಇದ್ದೀರಿ. ನಿಮ್ಮನ್ನು ಹೊರಗಿಟ್ಟು ಮಾತಾಡುವುದಿಲ್ಲ. ಏಕೆಂದರೆ ಈ ವಿಷಯದಲ್ಲಿ ಗಲ್ಫಿಗೆ ಬಂದ ಎಲ್ಲರದೂ ಒಂದೇ ದೋಣಿ.

ಈ ಕೊಲ್ಲಿಯ ದಡ ಕ್ರೈಸ್ತ ಲೋಕಕ್ಕೆ ಒಬ್ಬ ದೊಡ್ಡ ಚಿಂತಕನನ್ನು ಕೊಟ್ಟಿದೆ. ಚರ್ಚಿಗೆ ಹೋಗುವ ನಮ್ಮವರಲ್ಲೂ ಬಹಳ ಮಂದಿಗೆ ಅವರ ಹೆಸರು ಗೊತ್ತಿಲ್ಲ. ನಿನೆವೆಯ ಐಸಾಕ್ ಎನ್ನುತ್ತಾರೆ. ಸಿರಿಯಾದ ಐಸಾಕ್ ಎಂದೂ ಕರೆಯುವುದುಂಟು. ಆದರೆ ಹುಟ್ಟಿದ್ದು ಬೇತ್ ಕತ್ರಾಯೆಯಲ್ಲಿ, ಅಂದರೆ ಇವತ್ತಿನ ಕತಾರ್ ಮತ್ತು ಅದರ ಸುತ್ತಿನ ಕರಾವಳಿಯಲ್ಲಿ. 676ರಲ್ಲಿ ಈಶೋಯಾಬರ ನಂತರದ ಮುಖ್ಯಸ್ಥ ಗೀವರ್ಗೀಸರು ಕೊಲ್ಲಿಯ ದಾರಿನ್ ದ್ವೀಪಕ್ಕೆ ಬಂದು ಸಿನೊಡ್ ಕರೆದರು. ಆ ಕಾಲದಲ್ಲಿಯೇ ಐಸಾಕರನ್ನು ಗುರುತಿಸಿ ನಿನೆವೆಯ ಬಿಷಪ್ ಮಾಡಿದರು. ಐದೇ ತಿಂಗಳು. ಐಸಾಕರು ಪದವಿ ಬಿಟ್ಟು ಬೆಟ್ಟಕ್ಕೆ ಹೊರಟುಹೋದರು. ಯಾಕೆ ಬಿಟ್ಟರು ಎನ್ನುವುದಕ್ಕೆ ಒಂದು ಹಳೆಯ ಕಥೆಯಿದೆ. ಸಾಲ ಕೊಟ್ಟವನೊಬ್ಬ, ಸಾಲಗಾರನೊಬ್ಬ ನ್ಯಾಯಕ್ಕೆ ಬಂದರಂತೆ. ಬಡವನಿಗೆ ಸ್ವಲ್ಪ ದಿನ ಕೊಡು, ಶುಭಸಂದೇಶ ಹೇಳುವುದು ಹಾಗೆ ಎಂದರು ಐಸಾಕರು. ಶುಭಸಂದೇಶವನ್ನು ಸದ್ಯಕ್ಕೆ ಪಕ್ಕಕ್ಕಿಡಿ ಎಂದ ಸಾಲ ಕೊಟ್ಟವನು. ಅದನ್ನು ಪಕ್ಕಕ್ಕಿಡುವುದಾದರೆ ನನಗಿಲ್ಲೇನು ಕೆಲಸ ಎಂದು ಎದ್ದರಂತೆ. ನಿಜವೋ ಕಟ್ಟಿದ್ದೋ, ಆ ಮನುಷ್ಯನಿಗೆ ಒಪ್ಪುವ ಕಥೆ.

ಬೆಟ್ಟದ ಮಠದಲ್ಲಿ ಓದಿ ಓದಿ ಅವರ ಕಣ್ಣು ಹೋಯಿತು. ಬರೆದದ್ದು ಮಾತ್ರ ಉಳಿಯಿತು. ಸಿರಿಯಾಕಿನಿಂದ ಗ್ರೀಕಿಗೆ, ಅಲ್ಲಿಂದ ರಷ್ಯನ್ನಿಗೆ ಹೋಯಿತು. ದಾಸ್ತಯೇವ್‌ಸ್ಕಿಯ ‘ಕರಮಜೋವ್ ಸೋದರರು’ ಕಾದಂಬರಿಯ ಮನೆಯಾಳು ಗ್ರಿಗೊರಿಯ ಹತ್ತಿರ ಐಸಾಕರ ಪುಸ್ತಕ ಇರುತ್ತದೆ; ಅರ್ಥವಾಗದಿದ್ದರೂ ಅವನಿಗೆ ಅದರ ಮೇಲೆ ಬಹಳ ಪ್ರೀತಿ. ಅವರ ಬರಹಗಳ ಎರಡನೆಯ ಭಾಗ ಕಳೆದೇಹೋಗಿದೆ ಎಂದುಕೊಂಡಿದ್ದರು. 1983ರಲ್ಲಿ ಸಿರಿಯಾಕ್ ವಿದ್ವಾಂಸ ಸೆಬಾಸ್ಟಿಯನ್ ಬ್ರಾಕ್ ಅದರ ಹಸ್ತಪ್ರತಿಯನ್ನು ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿ ಕಂಡುಹಿಡಿದರು. 2024ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ಐಸಾಕರ ಹೆಸರನ್ನು ಕಥೋಲಿಕರ ಸಂತರ ಪಟ್ಟಿಗೂ ಸೇರಿಸುವುದಾಗಿ ಹೇಳಿದರು. ರೋಮಿನೊಂದಿಗೆ ಒಡನಾಟವಿಲ್ಲದ ಸಭೆಯ ಸನ್ಯಾಸಿಗೆ ಇದು ಸಣ್ಣ ಗೌರವವಲ್ಲ.

ಐಸಾಕರು ಹೇಳಿದ್ದರಲ್ಲಿ ನಮಗೆ ಬೇಕಾದದ್ದು ಎರಡು. ತನ್ನ ಬಲಹೀನತೆಯನ್ನು ಕಂಡುಕೊಂಡವನು ಸತ್ತವರನ್ನು ಎಬ್ಬಿಸುವವನಿಗಿಂತ ದೊಡ್ಡವನು ಎಂಬ ಅರ್ಥದ ಮಾತು ಒಂದು. ಇನ್ನೊಂದು ಕರುಣೆಯ ಹೃದಯದ ವರ್ಣನೆ: ಮನುಷ್ಯರಿಗಾಗಿ, ಹಕ್ಕಿಗಳಿಗಾಗಿ, ಮೃಗಗಳಿಗಾಗಿ, ಸೈತಾನನ ಪಡೆಗಾಗಿ ಕೂಡ ಉರಿಯುವ ಹೃದಯ ಅದು. ಪೀಠದ ಮೇಲೆ ಕೂತ ಬಿಷಪರು ಸೈತಾನನಿಗಾಗಿ ಕಣ್ಣೀರು ಹಾಕಿ ಎಂದಿದ್ದರೆ ಎರಡನೆಯ ಭಾನುವಾರ ಅವರ ಚರ್ಚಿನಲ್ಲಿ ಯಾರೂ ಇರುತ್ತಿರಲಿಲ್ಲ! ತಮಾಷೆ ಹಾಗಿರಲಿ. ಈ ಎರಡು ಮಾತುಗಳು ಬೇರೆ ಬೇರೆಯಲ್ಲ. ತನ್ನ ಒಳಗಿಳಿದು ನೋಡಿದವನಿಗೆ ಅಲ್ಲಿ ಕಾಣುವುದು ಸಾಮರ್ಥ್ಯವಲ್ಲ, ಕೊರತೆ. ಆ ಕೊರತೆಯನ್ನು ಕ್ಷಮಿಸಿ ಇಟ್ಟುಕೊಂಡವನೊಬ್ಬನಿದ್ದಾನೆ ಎಂಬ ಅರಿವು ಅದರ ಹಿಂದೆಯೇ ಬರುತ್ತದೆ. ಮತ್ತೊಬ್ಬರ ಕೊರತೆಯನ್ನು ಸಹಿಸುವ ಶಕ್ತಿ ಅಲ್ಲಿಂದ ಹುಟ್ಟುತ್ತದೆ.

ಈಗ ನಮ್ಮ ನಡುವೆ ಓಡಾಡುವ ಎರಡು ಉಪದೇಶಗಳನ್ನು ಇದರ ಪಕ್ಕ ಇಡೋಣ. ಒಂದು ಹಳೆಯದು, ಇನ್ನೊಂದು ಹೊಸದು.

ಹಳೆಯದು: ನಿನ್ನನ್ನು ನೀನು ನಿರಾಕರಿಸು. ಶಿಲುಬೆ ಹೊತ್ತುಕೊಂಡು ಬಾ ಎಂದು ಯೇಸು ಹೇಳಿದ್ದನ್ನೇ ನಮ್ಮ ಮನೆಗಳಲ್ಲಿ ‘ನಿನಗೇನೂ ಕೇಳಬೇಡ’ ಎಂದು ಕಲಿಸಿದರು. ಅದರ ಫಲ ಗಲ್ಫಿನಲ್ಲಿ ಎಲ್ಲರ ಕಣ್ಣೆದುರಿದೆ. ಇಪ್ಪತ್ತೈದು ವರ್ಷ ಹಂಚಿಕೊಂಡ ಕೋಣೆಯ ಬೆಡ್ ಸ್ಪೇಸಿನಲ್ಲಿ ಮಲಗಿ, ಊರಲ್ಲಿ ಎರಡು ಮಹಡಿಯ ಮನೆ ಕಟ್ಟಿಸಿ, ಆ ಮನೆಯಲ್ಲಿ ಲೆಕ್ಕ ಹಾಕಿದರೆ ಒಂದು ವರ್ಷವೂ ಮಲಗದವರು ನಮ್ಮಲ್ಲಿದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊರಿಂದ ಬರುವವರ ಕೈಯಲ್ಲಿ ತರಿಸಿಕೊಂಡು, ತೀರಿದರೆ ಮುಂದಿನವರು ಬರುವವರೆಗೆ ಕಾಯುವವರಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ಅವರು ‘ಆರಾಮ’ ಎಂದೇ ಹೇಳುತ್ತಾರೆ. ತಂಗಿಯ ಮದುವೆ, ತಮ್ಮನ ಓದು, ಅಮ್ಮನ ಆಪರೇಷನ್ ಎಲ್ಲ ಮುಗಿದ ಮೇಲೆ ಒಂದು ದಿನ ತಮ್ಮ ಬಗ್ಗೆ ಯೋಚಿಸಲು ಅವರಿಗೇ ಗೊತ್ತಾಗುವುದಿಲ್ಲ. ಚರ್ಚಿನಲ್ಲಿ ಇದನ್ನು ತ್ಯಾಗ ಎಂದು ಹೊಗಳುತ್ತೇವೆ. ನನಗೆ ಸಂಶಯವಿದೆ.

ಆ ಸಂಶಯಕ್ಕೆ ಬಲ ಕೊಟ್ಟವರು ವ್ಯಾಲೆರಿ ಸೇವಿಂಗ್ ಎಂಬ ಅಮೆರಿಕದ ವಿದುಷಿ. 1960ರಲ್ಲಿ ಅವರೊಂದು ಪ್ರಬಂಧ ಬರೆದರು. ದೇವಶಾಸ್ತ್ರ ಬರೆದವರೆಲ್ಲ ಗಂಡಸರಾದ್ದರಿಂದ ಪಾಪ ಎಂದರೆ ಅಹಂಕಾರ, ಅದಕ್ಕೆ ಮದ್ದು ಆತ್ಮನಿರಾಕರಣೆ ಎಂದುಕೊಂಡರು. ಹೆಣ್ಣಿನ ಬದುಕಿನ ಅಪಾಯ ಬೇರೆಯದು: ಎಲ್ಲರಿಗೂ ಹಂಚಿ ಹಂಚಿ ತನ್ನತನವೇ ಇಲ್ಲದಾಗುವುದು. ಅಂಥವಳಿಗೆ ಆತ್ಮನಿರಾಕರಣೆಯ ಪ್ರಸಂಗ ಮಾಡಿದರೆ ಕಾಯಿಲೆಗೆ ಕಾಯಿಲೆಯನ್ನೇ ಮದ್ದಾಗಿ ಕೊಟ್ಟಂತೆ ಎಂಬುದು ಅವರ ವಾದದ ತಿರುಳು. ನೈಟ್ ಡ್ಯೂಟಿ ಮುಗಿಸಿ ಬಂದು, ಮನೆಯ ಅಡಿಗೆ ಮಾಡಿ, ಊರಿನ ಅತ್ತೆಗೆ ವಿಡಿಯೊ ಕಾಲ್ ಮಾಡಿ, ಮಲಗುವ ಹೊತ್ತಿಗೆ ಮತ್ತೆ ಡ್ಯೂಟಿಗೆ ಎದ್ದುಹೋಗುವ ನಮ್ಮ ನರ್ಸುಗಳು ಆ ಪ್ರಬಂಧವನ್ನು ಓದಬೇಕಾಗಿಲ್ಲ. ಅವರ ಗಂಡಂದಿರು ಓದಬೇಕು.

ಹೊಸ ಉಪದೇಶ ವಾಟ್ಸ್‌ಆ್ಯಪಿನಲ್ಲಿ ದಿನಾ ಬೆಳಗ್ಗೆ ಬರುತ್ತದೆ: ಮೊದಲು ನಿನ್ನನ್ನು ನೀನು ಪ್ರೀತಿಸು, ಆಮೇಲೆ ಪರರನ್ನು ಪ್ರೀತಿಸಬಲ್ಲೆ. ಈಚೀಚೆಗೆ ರಿಟ್ರೀಟುಗಳಲ್ಲೂ ಇದೇ ಕೇಳುತ್ತದೆ. ಹಳೆಯದರ ಗಾಯಕ್ಕೆ ಇದು ಮುಲಾಮಿನಂತೆ ಹಿತವಾಗಿದೆ, ಅದಕ್ಕೇ ಜನ ಒಪ್ಪಿದ್ದಾರೆ. ಆದರೆ ‘ಮೊದಲು’ ಮುಗಿಯುವುದು ಯಾವಾಗ? ತನ್ನನ್ನು ಪ್ರೀತಿಸಿ ತೃಪ್ತಿಯಾಯಿತು, ಇನ್ನು ಪಕ್ಕದ ಮನೆಗೆ ಹೋಗೋಣ ಎಂದು ಎದ್ದವರನ್ನು ನಾನಂತೂ ನೋಡಿಲ್ಲ. ಚರ್ಚ್ ಸುಧಾರಕ ಮಾರ್ಟಿನ್ ಲೂಥರ್ 1515-16ರಲ್ಲಿ ಬೈಬಲಿನ ‘ರೋಮನರಿಗೆ ಪತ್ರ’ದ ಮೇಲೆ ಪಾಠ ಮಾಡುವಾಗ ಮನುಷ್ಯ ತನ್ನೊಳಕ್ಕೇ ಬಾಗಿಕೊಂಡಿದ್ದಾನೆ ಎಂದರು. ದೇವರ ಕೊಡುಗೆಯನ್ನೂ ತನ್ನ ಕಡೆಗೇ ಬಗ್ಗಿಸಿಕೊಳ್ಳುತ್ತಾನೆ ಎಂಬುದು ಅವರ ನೋಟ. ನೆರೆಯವನನ್ನು ನಿನ್ನಂತೆ ಪ್ರೀತಿಸು ಎಂಬ ಆಜ್ಞೆಯಲ್ಲಿ ತನ್ನನ್ನು ಪ್ರೀತಿಸು ಎಂಬ ಎರಡನೆಯ ಆಜ್ಞೆ ಅಡಗಿಲ್ಲ, ಅದನ್ನು ಹೇಳಿಕೊಡುವ ಅಗತ್ಯವೇ ಇಲ್ಲ ಎಂದು ಅವರು ಖಂಡಿತವಾಗಿ ಹೇಳಿದರು. ಇನ್ನೊಬ್ಬ ಸುಧಾರಕ ಕಾಲ್ವಿನ್ ಕೂಡ ಇದನ್ನೇ ಹೇಳುತ್ತಾರೆ.

ಇಲ್ಲಿ ಲೂಥರರ ಜೊತೆ ಅರ್ಧ ದಾರಿಯಷ್ಟೇ ನಡೆಯಬಲ್ಲೆ. ಹನ್ನೆರಡನೆಯ ಶತಮಾನದ ಕ್ಲೇರ್ವೋ ಮಠದ ಬರ್ನಾರ್ಡ್ ಪ್ರೀತಿಗೆ ನಾಲ್ಕು ಮೆಟ್ಟಿಲು ಎಣಿಸಿದ್ದರು. ತನಗಾಗಿ ತನ್ನನ್ನು ಪ್ರೀತಿಸುವುದು ತಳದ್ದು. ತನಗಾಗಿ ದೇವರನ್ನು ಪ್ರೀತಿಸುವುದು ಅದರ ಮೇಲೆ. ವೀಸಾ ಬಂದರೆ ಮೇಣದಬತ್ತಿ ಹಚ್ಚುತ್ತೇನೆ ಎನ್ನುವ ನಾವೆಲ್ಲ ಇರುವುದು ಅಲ್ಲಿ. ದೇವರಿಗಾಗಿಯೇ ದೇವರನ್ನು ಪ್ರೀತಿಸುವುದು ಮೂರನೆಯದು. ಅಲ್ಲಿಗೆ ಮುಗಿಯಬೇಕಿತ್ತಲ್ಲವೇ? ಇಲ್ಲ. ಎಲ್ಲಕ್ಕಿಂತ ಮೇಲೆ ಬರ್ನಾರ್ಡ್ ಇಟ್ಟದ್ದು ದೇವರಿಗಾಗಿ ತನ್ನನ್ನು ಪ್ರೀತಿಸುವುದನ್ನು. ಅದು ದೇವರನ್ನು ಪ್ರೀತಿಸುವುದಕ್ಕಿಂತಲೂ ಕಷ್ಟ, ಈ ಲೋಕದಲ್ಲಿ ಒಂದು ಕ್ಷಣಕ್ಕೆ ಸಿಕ್ಕರೂ ಭಾಗ್ಯ ಎಂದುಕೊಂಡರು. ವಾಟ್ಸ್‌ಆ್ಯಪ್ ಉಪದೇಶ ಮೊದಲ ಮೆಟ್ಟಿಲಿನಲ್ಲಿ ಇಟ್ಟದ್ದನ್ನು ಬರ್ನಾರ್ಡ್ ತುತ್ತತುದಿಗೆ ಒಯ್ದಿದ್ದಾರೆ. ಡೆನ್ಮಾರ್ಕಿನ ಕೀರ್ಕೆಗಾರ್ಡ್ 1847ರಲ್ಲಿ ಪ್ರೀತಿಯ ಬಗ್ಗೆಯೇ ಒಂದು ಪುಸ್ತಕ ಬರೆದು, ತನ್ನನ್ನು ತಾನು ಪೀಡಿಸಿಕೊಳ್ಳುವವನಿಗೂ, ಬದುಕೇ ಬೇಡ ಎನ್ನುವವನಿಗೂ ಬರದೇ ಇರುವುದು ತನ್ನನ್ನು ಸರಿಯಾಗಿ ಪ್ರೀತಿಸುವ ವಿದ್ಯೆ ಎಂದರು. ಅಂದರೆ ಅದು ಹುಟ್ಟಿನಿಂದ ಬರುವುದಿಲ್ಲ. ಕಲಿಯಬೇಕಾದದ್ದು.

ಕಲಿಯುವುದು ಯಾರಿಂದ, ಎಲ್ಲಿ? ನನ್ನ ಉತ್ತರ ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿದೆ. ಯೇಸು ಮಾರ್ಕನ ಶುಭಸಂದೇಶದಲ್ಲಿ ಎತ್ತಿ ಹೇಳಿದ ಎರಡನೆಯ ಆಜ್ಞೆ, ಅಂದರೆ ನೆರೆಯವನನ್ನು ನಿನ್ನಂತೆ ಪ್ರೀತಿಸು ಎಂಬುದು, ಅವರೇ ಮೊದಲ ಬಾರಿ ಹೇಳಿದ್ದಲ್ಲ. ಈ ಅಧ್ಯಾಯದ 18ನೆಯ ವಚನದಿಂದ ತೆಗೆದದ್ದು. ನಮ್ಮ ಪ್ರಸಂಗಗಳು ಅಲ್ಲಿಗೇ ನಿಲ್ಲುತ್ತವೆ. ದಯವಿಟ್ಟು ಮನೆಗೆ ಹೋಗಿ ಇಡೀ ಅಧ್ಯಾಯ ಓದಿ. ಗದ್ದೆಯ ಅಂಚಿನವರೆಗೂ ಕೊಯ್ಯಬೇಡ, ಬಡವನಿಗೂ ಪರದೇಶಿಗೂ ಅಷ್ಟು ಬಿಡು ಎಂದಿದೆ. ಕೂಲಿಯವನ ಕೂಲಿಯನ್ನು ಬೆಳಗಾಗುವವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಎಂದಿದೆ. ಸಂಬಳ ತಿಂಗಳುಗಟ್ಟಲೆ ತಡೆದ ಕಂಪನಿಗಳ ಕಥೆ ಗೊತ್ತಿರುವವರಿಗೆ ಈ ಸಾಲನ್ನು ವಿವರಿಸಬೇಕಾಗಿಲ್ಲ. ನೆರೆಯವನ ಪ್ರೀತಿ ಎಂಬ ದೊಡ್ಡ ಮಾತು ಬಂದಿರುವುದು ಕೂಲಿ, ಕೊಯ್ಲು, ಚಾಡಿ, ಸಾಕ್ಷಿಗಳ ಈ ಸಣ್ಣ ಸಣ್ಣ ವ್ಯವಹಾರಗಳ ನಡುವೆ. ಭಾವನೆಯ ಬಗ್ಗೆ ಅಲ್ಲಿ ಹೆಚ್ಚೇನೂ ಇಲ್ಲ.

ಮುಂದೆ 34ನೆಯ ವಚನದಲ್ಲಿ ಅದೇ ಆಜ್ಞೆ ಇನ್ನೊಮ್ಮೆ ಬರುತ್ತದೆ. ಈ ಸಲ ನೆರೆಯವನ ಜಾಗದಲ್ಲಿ ನಿಂತಿರುವವನು ಪರದೇಶಿ. ಅವನನ್ನೂ ನಿನ್ನಂತೆಯೇ ಪ್ರೀತಿಸಬೇಕು ಎಂದು ಹೇಳಿ ಕಾರಣ ಕೊಡುತ್ತದೆ: ಐಗುಪ್ತದಲ್ಲಿ ನೀವೂ ಪರದೇಶಿಗಳಾಗಿದ್ದಿರಿ. ಮೊದಲ ಸಲ ಇಲ್ಲದ ಕಾರಣ ಇಲ್ಲಿದೆ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇದು. ಯಾವ ‘ನನ್ನಂತೆ’? ಸುಖವಾಗಿ ಕೂತಿರುವ, ತನ್ನನ್ನು ಮೆಚ್ಚಿಕೊಂಡಿರುವ ನಾನಲ್ಲ. ಬೇರೆಯವರ ನೆಲದಲ್ಲಿ, ಬೇರೆಯವರ ದಯೆಯಲ್ಲಿ ಬದುಕಿದ ನಾನು. ನೆರೆಯವನನ್ನು ಅಳೆಯುವ ಸೇರು ಆ ನೆನಪು. ಕುತೂಹಲಕ್ಕೆ ಹೇಳುತ್ತೇನೆ, ಅದರ ಮುಂದಿನ ವಚನಗಳು ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆಗಳು ಸರಿಯಿರಲಿ ಎನ್ನುತ್ತವೆ. ಪರದೇಶಿಯ ವಿಷಯ ಮುಗಿಸಿ ಅಂಗಡಿಯ ವಿಷಯಕ್ಕೆ ಹೋದರು ಎಂದು ಪಂಡಿತರು ಹೇಳಬಹುದು. ನನಗೆ ಹಾಗೆ ಕಾಣುವುದಿಲ್ಲ.

ಸೊಹಾರಿನಲ್ಲಿ ಕೂತ ನಮಗೆ ಈ ಸೇರು ಬಿಟ್ಟಿಯಾಗಿ ಸಿಕ್ಕಿದೆ. ನಾವು ಯಾರು ಎಂದು ಇಲ್ಲಿ ಯಾರೂ ಮನಸ್ಸಿನ ಒಳಗೆ ಹುಡುಕಬೇಕಾಗಿಲ್ಲ, ಜೇಬಿನಲ್ಲಿರುವ ಕಾರ್ಡು ಹೇಳುತ್ತದೆ: ದೇಶ, ಉದ್ಯೋಗ, ಮುಗಿಯುವ ತಾರೀಕು. ಮೊದಲೆಲ್ಲ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ಒಪ್ಪದೆ ಬೇರೆ ಕೆಲಸಕ್ಕೆ ಹೋಗುವಂತಿರಲಿಲ್ಲ. ಎನ್‌ಒಸಿ ಎಂಬ ಒಪ್ಪಿಗೆಯ ಒಂದು ಹಾಳೆಗಾಗಿ ಮುದೀರರ, ಅಂದರೆ ಮ್ಯಾನೇಜರರ, ಬಾಗಿಲಲ್ಲಿ ಕಾದವರು ಎಷ್ಟೋ. 2021ರ ಜನವರಿಯಿಂದ ಒಮಾನ್ ಆ ಹಾಳೆಯ ಕಟ್ಟುಪಾಡನ್ನು ತೆಗೆದುಹಾಕಿತು. ಅದಕ್ಕೂ ಮೊದಲು ಬಂದವರಿಗೆ ಆ ಅಸಹಾಯಕತೆ ಮೈಯಲ್ಲೇ ಉಳಿದಿದೆ. ಅದರ ಜೊತೆಗೆ ಇನ್ನೊಂದನ್ನೂ ಹೇಳಬೇಕು. ಈ ದೇಶ ನಮಗೆ ಚರ್ಚು ಕಟ್ಟಲು ಜಾಗ ಕೊಟ್ಟಿದೆ. ಸುಲ್ತಾನ್ ಕಾಬೂಸರು ಕೊಟ್ಟ ನೆಲದಲ್ಲಿ ಮಸ್ಕತ್ತಿನ ಚರ್ಚುಗಳು ನಿಂತವು. ಸೊಹಾರಿನಲ್ಲಿ ಸಂತ ಅಂತೋಣಿಯವರ ಚರ್ಚಿದೆ. ಇಲ್ಲಿನ ವಾರದ ರಜೆ ಶುಕ್ರವಾರ. ಹಾಗಾಗಿ ಭಾನುವಾರದ ಪೂಜೆಗೆ ನಮ್ಮ ಜನ ಸೇರುವುದೂ ಶುಕ್ರವಾರ. ಜುಮ್ಮಾ ನಮಾಜಿಗೆ ಹೋಗುವವರ ಕಾರೂ ಪೂಜೆಗೆ ಹೋಗುವವರ ಕಾರೂ ಒಂದೇ ಸಿಗ್ನಲ್ಲಿನಲ್ಲಿ ನಿಲ್ಲುತ್ತವೆ. 2021ರ ಅಕ್ಟೋಬರಿನಲ್ಲಿ ಶಾಹೀನ್ ಚಂಡಮಾರುತ ಬಾತಿನಾ ಕರಾವಳಿಯನ್ನು ಹೊಡೆದಾಗ, ಸುವೈಕ್, ಖಾಬೂರಾ ಕಡೆ ಮನೆ ಅಂಗಡಿಗಳಿಗೆ ಕೆಸರು ನುಗ್ಗಿದಾಗ, ಬೇರೆ ಪ್ರಾಂತಗಳಿಂದ ಒಮಾನಿ ಯುವಕರು ಗುದ್ದಲಿ ಪೊರಕೆ ಹಿಡಿದು ಬಂದರು.

ದಾರಿಯಲ್ಲಿ ಹೊಡೆತ ತಿಂದು ಬಿದ್ದವನಿಗೆ ಸಮಾರ್ಯದವನೊಬ್ಬ ಆರೈಕೆ ಮಾಡಿದ ಲೂಕನ 10ನೆಯ ಅಧ್ಯಾಯದ ಸಾಮತಿಯನ್ನು ಹೀಗೆ ನೆರವು ಪಡೆದವರ ಕಡೆಯಿಂದ ಓದಬೇಕು ಅನ್ನಿಸುತ್ತದೆ. ಸಾಮಾನ್ಯವಾಗಿ ನಾವು ಅದನ್ನು ಓದುವಾಗ ಕತ್ತೆಯ ಮೇಲೆ ಬರುವ ಸಮಾರ್ಯದವನ ಜಾಗದಲ್ಲಿ ನಮ್ಮನ್ನು ಇಟ್ಟುಕೊಳ್ಳುತ್ತೇವೆ. ದಾನಿಗಳು ನಾವು! ಆದರೆ ಕೇಳುತ್ತಿದ್ದ ಧರ್ಮಶಾಸ್ತ್ರಿಗೆ ಆ ಜಾಗ ಸಿಗುವಂತಿರಲಿಲ್ಲ, ಅವನು ಸಮಾರ್ಯದವರನ್ನು ದೂರವಿಟ್ಟಿದ್ದ ಯೆಹೂದ್ಯ. ಅವನಿಗೆ ಮಿಕ್ಕದ್ದು ಹೊಡೆತ ತಿಂದು ಬಿದ್ದವನ ಜಾಗ. ಜನ್ಮದಲ್ಲಿ ಮುಟ್ಟಿಸಿಕೊಳ್ಳಲಾರೆ ಎಂದುಕೊಂಡವನ ಕೈಯಿಂದ ಎಣ್ಣೆ ಹಚ್ಚಿಸಿಕೊಳ್ಳಬೇಕು. ಪ್ರೀತಿ ಅಂದರೆ ಏನು ಎಂದು ತಿಳಿಯುವುದು ಹಾಗೆ ಬಿದ್ದಾಗ. ಯೇಸುವಿನ ಕೈಯಿಂದ ಪಾದ ತೊಳೆಸಿಕೊಳ್ಳಲು ಶಿಷ್ಯ ಪೇತ್ರ ಒಪ್ಪದೆ ರಚ್ಚೆ ಹಿಡಿದದ್ದೂ ಇದೇ ಕಾರಣಕ್ಕೆ. ಕೊಡುವುದು ಸುಲಭ, ತೆಗೆದುಕೊಳ್ಳುವುದರಲ್ಲಿ ಮಾನ ಹೋಗುತ್ತದೆ. ಊರಿಗೆ ಯಾವತ್ತೂ ‘ಆರಾಮ’ ಎಂದೇ ಹೇಳುವ ನಮ್ಮ ಗಲ್ಫ್ ಅಣ್ಣಂದಿರು ಇದೇ ಪೇತ್ರನ ಒಕ್ಕಲು.

ಆದರೆ ಸೇರೇ ತೂತಾಗಿದ್ದರೆ? ತನ್ನನ್ನು ಕೀಳು ಎಂದು ನಂಬುವಂತೆ ತಲೆಮಾರುಗಳಿಂದ ಬೆಳೆಸಲ್ಪಟ್ಟವನಿಗೆ ‘ನಿನ್ನಂತೆ ಪ್ರೀತಿಸು’ ಎಂದರೆ ಅವನು ಏನು ಅಳೆಯಬೇಕು? ಕನ್ನಡನಾಡಿನ ಕ್ರೈಸ್ತರಲ್ಲಿ ಬಹಳ ಜನರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ದೀಕ್ಷಾಸ್ನಾನ ಪಡೆದ ದಲಿತನಿಗೆ ಚರ್ಚಿನಲ್ಲಿ ಹಿಂದಿನ ಸಾಲು, ಸ್ಮಶಾನದಲ್ಲಿ ಬೇರೆ ಮೂಲೆ ಎಂಬುದು ದಕ್ಷಿಣ ಭಾರತದ ಸಭೆಗಳಲ್ಲಿ ನಡೆದದ್ದೇ. ಸರ್ಕಾರದ ಪಟ್ಟಿಯಲ್ಲೂ ಅವನಿಗೆ ಜಾಗವಿಲ್ಲ. 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ಇವತ್ತಿಗೂ ಇಲ್ಲ. ಚರ್ಚು ನೀನು ದಲಿತ ಎಂದು ನೆನಪಿಸುತ್ತದೆ, ಸರ್ಕಾರ ನೀನು ದಲಿತನಲ್ಲ ಎನ್ನುತ್ತದೆ. ಇಂಥವನಿಗೆ ಯೋಹಾನನ 13ನೆಯ ಅಧ್ಯಾಯ ಬೇಕು. ಕೊನೆಯ ರಾತ್ರಿ ಯೇಸು ಅಳತೆಯನ್ನೇ ಬದಲಾಯಿಸುತ್ತಾರೆ: ನಾನು ನಿಮ್ಮನ್ನು ಪ್ರೀತಿಸಿದಂತೆ ನೀವು ಪ್ರೀತಿಸಿ ಎಂಬ ಅರ್ಥದ ಹೊಸ ಆಜ್ಞೆ. ಒಡೆದ ಸೇರಿನವನಿಗೆ ಇನ್ನೊಬ್ಬರ ಸೇರು ಸಿಕ್ಕಿತು. ಲೂಥರರ ಜೊತೆ ಅರ್ಧ ದಾರಿ ಎಂದದ್ದು ಇದಕ್ಕೇ. ತನ್ನೊಳಕ್ಕೆ ಬಾಗಿದವನನ್ನು ಅವರು ಬಲ್ಲರು. ಬೆನ್ನು ಬಗ್ಗಿಸಿ ಬಗ್ಗಿಸಿ ನಿಲ್ಲಿಸಿದವನು ಅವರ ಪಾಠದಲ್ಲಿ ನನಗೆ ಕಾಣಲಿಲ್ಲ.

ಮಂಗಳೂರಿನ ಚರಿತ್ರೆಯಿಂದ ಒಬ್ಬರನ್ನು ಇಲ್ಲಿ ನೆನೆಯುತ್ತೇನೆ. 1844ರ ಜನವರಿಯಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರ ಶಿಷ್ಯ, ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗಲಭೆಯಾಯಿತು. ಮನೆ ದೂರವಾಯಿತು, ಮದುವೆಯಾಗಿದ್ದ ಹುಡುಗಿ ಜೊತೆಗೆ ಬರಲಿಲ್ಲ. ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಮಿಷನರಿಯಾಗಿ ಊರಿಗೆ ಮರಳಿದರು. ಅವರ ಪೂರ್ತಿ ಹೆಸರು ಹರ್ಮನ್ ಆನಂದರಾವ್ ಕೌಂಡಿನ್ಯ. ಜರ್ಮನ್ ಗುರುವಿನ ಹೆಸರು, ಹೆತ್ತವರಿಟ್ಟ ಹೆಸರು, ಋಷಿಯ ಗೋತ್ರ, ಮೂರನ್ನೂ ಒಬ್ಬ ಮನುಷ್ಯ ಹೊತ್ತುಕೊಂಡು ನಡೆದರು, ಯಾವುದನ್ನೂ ಬಿಸಾಡಲಿಲ್ಲ. ಮುಂದೆ ಕೊಡಗಿನ ಆನಂದಪುರದಲ್ಲಿ, ಜೀತದಿಂದ ಹೊರಬಂದು ಕ್ರೈಸ್ತರಾದ ದಲಿತರಿಗೆ ಅವರು ಒಂದು ನೆಲೆ ಕಟ್ಟಿದರು. ಅಲ್ಲೂ ಕಾಫಿ ತೋಟವಿತ್ತು, ಯಜಮಾನರಿದ್ದರು, ಕೆಲಸದವರಿದ್ದರು. ಸ್ವರ್ಗವೆಂದು ಯಾರೂ ಹೇಳುವುದಿಲ್ಲ. ಆದರೂ ಜಾತಿ ಕಳಕೊಂಡು ತಾನೇ ಊರಿಗೆ ಪರದೇಶಿಯಾದ ಬ್ರಾಹ್ಮಣನಿಗೆ ಊರೊಳಗೇ ಪರದೇಶಿಗಳಾಗಿ ಬದುಕಿದ್ದವರು ಕಣ್ಣಿಗೆ ಬಿದ್ದರು ಎಂಬುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಇನ್ನೊಬ್ಬರು ಧಾರವಾಡದವರು, 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪ. ಬಾಸೆಲ್ ಮಿಷನ್ನಿನ ಪಾದ್ರಿ. ಊರೂರು ತಿರುಗಿ, ಜನರ ಬಾಯಲ್ಲಿ ಓಲೆಗರಿಯಲ್ಲಿ ಚದುರಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶರಣರ ಬಗ್ಗೆ, ಅನುಭವಮಂಟಪದ ಬಗ್ಗೆ 1950ರ ಸುಮಾರಿಗೆ ಬರೆದರು. ಜನ ಅವರನ್ನು ಪ್ರೀತಿಯಿಂದ ತಿರುಳ್ಗನ್ನಡದ ತಿರುಕ ಎಂದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮತಾಂತರಗೊಂಡ ಕುಟುಂಬದ ಮಗು ತಾನು ಕಡಿಮೆ ಕನ್ನಡಿಗನೋ ಎಂದು ಅಂಜಿಕೊಂಡು ಜೋರಾಗಿ ಕೂಗುವುದುಂಟು. ಇವರು ಕೂಗಲಿಲ್ಲ. ಇನ್ನೊಬ್ಬರ ಸಂತನ ವಚನಗಳನ್ನು ಇಷ್ಟು ಶ್ರದ್ಧೆಯಿಂದ ಕೂಡಿಸಲು ತನ್ನ ಬಗ್ಗೆ ನೆಮ್ಮದಿ ಇರಬೇಕು. ತನ್ನನ್ನು ಪ್ರೀತಿಸುವುದು ಎಂದರೆ ಹೇಗಿರುತ್ತದೆ ಎಂದು ಕೇಳಿದರೆ ನಾನು ಬರ್ನಾರ್ಡರ ಮೆಟ್ಟಿಲನ್ನಲ್ಲ, ಈ ಪಾದ್ರಿಯ ಸರ್ವಜ್ಞನ ಪುಸ್ತಕವನ್ನು ತೋರಿಸುತ್ತೇನೆ.

ಇದರ ಎದುರಿಗೆ ಬೆಂಗಳೂರಿನ ಚರ್ಚುಗಳಲ್ಲಿ ಪೂಜೆ ಕನ್ನಡದಲ್ಲೋ ತಮಿಳಲ್ಲೋ ಎಂದು ದಶಕಗಳಿಂದ ನಡೆದ ಜಗಳವನ್ನು ಇಡಬಹುದು. ಕನ್ನಡದ ಬೇಡಿಕೆ ನ್ಯಾಯವಾದದ್ದೇ. ಬಹುಕಾಲ ತಡೆದರು ಎಂಬುದೂ ನಿಜ. ಆದರೆ ಒಂದೇ ರೊಟ್ಟಿಯನ್ನು ಮುರಿಯಲು ಹೋಗಿ ತಲೆ ಒಡೆದುಕೊಳ್ಳುವ ಸ್ಥಿತಿಗೆ ಬಂದಾಗ ಅಲ್ಲಿ ಗುರುತು ಇರುತ್ತದೆ, ತನ್ನ ಮೇಲಿನ ಪ್ರೀತಿ ಇರುವುದಿಲ್ಲ. ಹೆಚ್ಚು ಹೇಳಲಾರೆ.

ಇನ್ನು ನಮ್ಮ ಸರದಿ. ಸಭೆಯಲ್ಲಿ ಕೆಲವರಿಗೆ ಬೇಸರವಾದೀತು, ಆದರೂ ಹೇಳುತ್ತೇನೆ. ಪರದೇಶಿಯಾಗಿ ಅನುಭವಿಸಿದವನಿಗೆ ಪರದೇಶಿಯ ಮೇಲೆ ಕನಿಕರ ಹುಟ್ಟಲೇಬೇಕು ಎಂದೇನಿಲ್ಲ. ಹಾಗೆ ತಾನಾಗಿ ಹುಟ್ಟುತ್ತಿದ್ದರೆ ಯಾಜಕಕಾಂಡ ಆಜ್ಞೆ ಮಾಡಬೇಕಾಗಿರಲಿಲ್ಲ. ಒಮಾನಿ ಅಧಿಕಾರಿಯ ಮುಂದೆ ಕೈಕಟ್ಟಿ ನಿಂತವರೇ ಕಟ್ಟಡದ ಬಾಂಗ್ಲಾದೇಶಿ ಕಾವಲುಗಾರನನ್ನು ಹೆಸರಿಲ್ಲದೆ ‘ಏ’ ಎಂದು ಕರೆಯುತ್ತೇವೆ. ಕಂಪನಿ ಪಾಸ್‌ಪೋರ್ಟ್ ಇಟ್ಟುಕೊಂಡಾಗ ಸಿಡಿಮಿಡಿಗೊಂಡವರೇ ಮನೆಗೆಲಸದ ಹೆಂಗಸಿನ ಪಾಸ್‌ಪೋರ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ, ‘ಸೇಫ್ಟಿಗೆ’ ಎನ್ನುತ್ತೇವೆ. ಊರಿಗೆ ಹೋದರೂ ಅಷ್ಟೆ. ಮಲ್ಪೆಯ ಬೋಟುಗಳಲ್ಲಿ ಒಡಿಶಾ, ಜಾರ್ಖಂಡಿನ ಹುಡುಗರು, ಕೊಡಗಿನ ಕಾಫಿ ತೋಟಗಳಲ್ಲಿ ಅಸ್ಸಾಮಿನ ಕುಟುಂಬಗಳು. ಇಲ್ಲಿ ನಮ್ಮನ್ನು ‘ಹಿಂದಿ’, ಅಂದರೆ ಭಾರತದವರು, ಎಂದು ಒಂದೇ ಮೂಟೆಯಲ್ಲಿ ಕಟ್ಟಿದರೆ ಮುಖ ಸಣ್ಣದಾಗುತ್ತದೆ. ಅಲ್ಲಿ ನಾವು ಅವರನ್ನೆಲ್ಲ ‘ಬಂಗಾಲಿಗಳು’ ಎಂದು ಮುಗಿಸುತ್ತೇವೆ. ಅಳತೆ ಕೈಯಲ್ಲೇ ಇದೆ, ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು.

ಮಕ್ಕಳ ವಿಷಯ ಮಾತ್ರ ನನಗೆ ಪೂರ್ತಿ ಬಿಡಿಸಲು ಬಂದಿಲ್ಲ. ಸೊಹಾರಿನಲ್ಲಿ ಹುಟ್ಟಿ, ಇಂಡಿಯನ್ ಸ್ಕೂಲಿನಲ್ಲಿ ಓದಿ, ಮನೆಯಲ್ಲಿ ಕೊಂಕಣಿಯೋ ತುಳುವೋ, ಗೆಳೆಯರ ಜೊತೆ ಇಂಗ್ಲಿಷು ಹಿಂದಿ ಮಲಯಾಳವೋ ಆಡಿ, ಹದಿನೇಳಕ್ಕೆ ಮಂಗಳೂರಿನ ಕಾಲೇಜಿಗೆ ಹೋಗುವವರು. ಅಲ್ಲಿ ಅವರು ‘ಗಲ್ಫ್ ಮಕ್ಕಳು’. ಇಲ್ಲಿ ವೀಸಾ ಅಪ್ಪನ ಮೇಲೆ, ಅಲ್ಲಿ ಭಾಷೆ ಅರ್ಧ. ಅವರಿಗೆ ಐಗುಪ್ತ ಎಂಬುದು ಅಜ್ಜ ಹೇಳಿದ ನೆನಪಲ್ಲ, ಎರಡು ಕಡೆಯೂ ಐಗುಪ್ತವೇ. ನೀನು ಯಾರೆಂದು ಮೊದಲು ಗಟ್ಟಿಮಾಡಿಕೋ ಎಂದು ಅವರಿಗೆ ಬುದ್ಧಿ ಹೇಳುವ ಹಿರಿಯರು ಬಹಳ. ನನಗೆ ಆ ಆತುರ ಕಾಣುವುದಿಲ್ಲ. ಕೌಂಡಿನ್ಯರು ಮೂರು ಹೆಸರಿಟ್ಟುಕೊಂಡು ಬದುಕಿದರು, ಐಸಾಕರು ಬೇರೆಯವರ ಊರಿನ ಹೆಸರಿನಲ್ಲಿ ಸಂತರಾದರು. ಮಕ್ಕಳಿಗೆ ಉತ್ತರ ತಡವಾಗಿ ಸಿಗಲಿ. ಆದರೆ ಹಾಸ್ಟೆಲಿನಲ್ಲಿ ಪಕ್ಕದ ಮಂಚದ ಮಣಿಪುರದ ಹುಡುಗಿಯೋ ಬೀದರಿನ ಹುಡುಗನೋ ಜ್ವರದಲ್ಲಿ ಮಲಗಿದಾಗ ಇವರು ಏನು ಮಾಡಿದರು ಎಂದು ಫೋನಿನಲ್ಲಿ ಕೇಳುವ ಅಭ್ಯಾಸ ತಂದೆತಾಯಿಗಳಿಗೆ ಇದ್ದರೆ ಒಳ್ಳೆಯದು. ಮಾರ್ಕು ಎಷ್ಟು ಎಂದು ಕೇಳಿದ ಮೇಲೆ ಕೇಳಿದರೂ ಸಾಕು.

ಪ್ರಶ್ನೆಗಳಿಗೆ ಸಂಘಟಕರು ಅರ್ಧ ಗಂಟೆ ಇಟ್ಟಿದ್ದಾರೆ. ಪಾಸ್‌ಪೋರ್ಟಿನ ಮಾತಿಗೆ ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೈ ಎತ್ತಿದ್ದಾರೆ, ಅವರಿಂದಲೇ ಶುರುವಾಗಲಿ.